ಗೇಮ್ ಆಡಿದರೆ ಗೇಮ್ ಕಂಪನಿ ಕೆಲಸ ಸಿಗುತ್ತದೆಯೇ?

ತ್ಯಾವಣಿಗೆಯ ಹುಡುಗನೊಬ್ಬ ಪಿಯುಸಿ ಮುಗಿಸಿ 'ಗೇಮ್ ಕಂಪನಿಯಲ್ಲಿ ಆರ್ಟಿಸ್ಟ್ ಆಗ್ತೀನಿ' ಅಂದರೆ ಮನೆಯಲ್ಲಿ ಬರುವ ಮೊದಲ ಮಾತು: 'ಇಷ್ಟು ದಿನ ಮೊಬೈಲ್ ಹಿಡಿದು ಕೂತಿದ್ದು ಸಾಲದೇನೋ?' ಅಪ್ಪನ ಸಿಟ್ಟು, ಮಗನ ಉತ್ಸಾಹ ಎರಡಕ್ಕೂ ಬುಡದಲ್ಲಿರುವ ತಪ್ಪು ಒಂದೇ.

ನಂಬಿಕೆ: ಆಟದಲ್ಲಿ ಪಳಗಿದವರಿಗೆ ಈ ಕೆಲಸ

ಎಷ್ಟು ಲೆವೆಲ್ ದಾಟಿದ್ದೀರಿ ಎಂದು ಸಂದರ್ಶನದಲ್ಲಿ ಯಾರೂ ಕೇಳುವುದಿಲ್ಲ. ಒಂದು ಕಾರನ್ನೋ ಬೀದಿಯನ್ನೋ ಕಟ್ಟಿ ತೋರಿಸಿ ಅನ್ನುತ್ತಾರೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಧ್ರುವ ಇಂಟರಾಕ್ಟಿವ್ ಹೆಸರು ಮಾಡಿದ್ದೇ ಹೊರದೇಶದ ಆಟಗಳಿಗೆ ಇಂಥ ಭಾಗಗಳನ್ನು ಮಾಡಿಕೊಟ್ಟು. 2019ರಲ್ಲಿ ರಾಕ್‌ಸ್ಟಾರ್ ಎಂಬ ಗೇಮ್ ಕಂಪನಿ ಅದನ್ನು ಕೊಂಡು ಬೆಂಗಳೂರಿನ ತನ್ನ ಸ್ಟುಡಿಯೋಗೆ ಸೇರಿಸಿಕೊಂಡಿತು. ಇಲ್ಲಿ ಬಹಳಷ್ಟು ಕೆಲಸ ಇಂದಿಗೂ ಈ ಬಗೆಯದೇ. ಬೇರೊಬ್ಬರು ಯೋಚಿಸಿದ ಆಟಕ್ಕೆ, ಅವರು ಹೇಳಿದ ಶೈಲಿಯಲ್ಲಿ, ಹೇಳಿದ ದಿನಕ್ಕೆ ಒಪ್ಪಿಸಬೇಕು.

ನಂಬಿಕೆ: ಕೈ ಕುದುರಿದ್ದರೆ ಸಾಕು, ಕಂಪ್ಯೂಟರ್ ಆಮೇಲೆ

ಇದು ಅರ್ಧ ನಿಜ. ಕಾಗದದ ಮೇಲೆ ಲೋಕ ಕಲ್ಪಿಸುವ ಕಾನ್ಸೆಪ್ಟ್ ಆರ್ಟಿಸ್ಟ್ ಹುದ್ದೆಗಳು ಕಡಿಮೆ, ಪೈಪೋಟಿ ಜಾಸ್ತಿ. ಹೆಚ್ಚಿನ ಜಾಗ ಇರುವುದು ತ್ರಿ-ಡಿ ಮಾಡೆಲಿಂಗ್, ಟೆಕ್ಸ್ಚರ್, ಅನಿಮೇಷನ್‌ನಲ್ಲಿ. ಮೊದಲು ವಸ್ತುವನ್ನು ಸೂಕ್ಷ್ಮವಾಗಿ ಕಟ್ಟಬೇಕು, ಆಮೇಲೆ ಆಟ ಸರಾಗವಾಗಿ ಓಡುವಷ್ಟು ಹಗುರ ಮಾಡಬೇಕು, ಕೊನೆಗೆ ಬಣ್ಣ, ತುಕ್ಕು, ಗೀರು ಹಾಕಬೇಕು. ಈ ಹಗುರ ಮಾಡುವ ಹಂತದಲ್ಲೇ ಹೊಸಬರು ಎಡವುವುದು. ಹಾಗಾಗಿ ನಿಮ್ಮ ಕೆಲಸಗಳ ಪೋರ್ಟ್‌ಫೋಲಿಯೊದಲ್ಲಿ ಹೊಳೆಯುವ ಚಿತ್ರದ ಪಕ್ಕಕ್ಕೆ ಒಳಗಿನ ಗೆರೆಬಲೆಯನ್ನೂ, ಅಂದರೆ ವೈರ್‌ಫ್ರೇಮ್ ಅನ್ನೂ ಇಡಬೇಕು. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಕಲಿತವರಿಗೆ ಅಂಗರಚನೆ, ನೆರಳು-ಬೆಳಕು ತಿಳಿದಿರುವುದು ಇಲ್ಲಿ ದೊಡ್ಡ ಬಂಡವಾಳ. ಆದರೆ ಸಾಫ್ಟ್‌ವೇರ್ ಬೇರೆಯಾಗಿಯೇ ಕಲಿಯಬೇಕು.

ನಂಬಿಕೆ: ಲಕ್ಷಗಟ್ಟಲೆ ಫೀಸಿನ ಕೋರ್ಸ್ ಇಲ್ಲದೆ ಆಗದು

ಸರ್ಟಿಫಿಕೇಟ್ ನೋಡುವ ಮೊದಲು ಕೆಲಸ ನೋಡುತ್ತಾರೆ. ಬ್ಲೆಂಡರ್ ಎಂಬ ತ್ರಿ-ಡಿ ಸಾಫ್ಟ್‌ವೇರ್ 2002ರಿಂದ ಮುಕ್ತ ತಂತ್ರಾಂಶ, ದುಡ್ಡಿಲ್ಲ. ಅದರಲ್ಲೇ ಮಾಡಿದ 'ಫ್ಲೋ' ಚಿತ್ರಕ್ಕೆ 2025ರಲ್ಲಿ ಆಸ್ಕರ್ ಬಂತು. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿನ ಖರ್ಚು ಮಾತ್ರ ತಪ್ಪಿದ್ದಲ್ಲ. ಅಡಿಕೆ ರೇಟು ನೋಡಿಕೊಂಡು ಅಪ್ಪನ ಹತ್ತಿರ ಬಾಯಿ ಬಿಡಿ.

ನಂಬಿಕೆ: ಡ್ರ್ಯಾಗನ್, ಕತ್ತಿ, ರೋಬೊ ಮಾಡಿದರೇ ಮೆಚ್ಚುತ್ತಾರೆ

ಅಂಥವನ್ನು ನೋಡಿ ನೋಡಿ ಆಯ್ಕೆ ಮಾಡುವವರಿಗೆ ಸಾಕಾಗಿರುತ್ತದೆ. ನಮ್ಮ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ ಇದೆ: ಸುತ್ತ ಕಲ್ಲಿನ ಮೆಟ್ಟಿಲು, ನೀರಿನ ನಡುವೆ ಮಂಟಪ, ದಡದಲ್ಲಿ ಮುಸಾಫಿರ್‌ಖಾನೆ. ಹಿಂದೂ-ಮುಸ್ಲಿಂ ಶೈಲಿಗಳು ಒಂದೇ ನೋಟದಲ್ಲಿ ಸಿಗುತ್ತವೆ. ಆಟದ ಬೀದಿ, ಕಟ್ಟಡ ಕಟ್ಟುವ ಎನ್ವಿರಾನ್‌ಮೆಂಟ್ ಆರ್ಟಿಸ್ಟ್ ಆಗಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗಂತೂ ಗೊತ್ತಿಲ್ಲ. ಬೆಳಿಗ್ಗೆ, ಸಂಜೆ ಹೋಗಿ ಫೋಟೊ ತೆಗೆಯಿರಿ. ನೀರು ಮುಟ್ಟುವ ಮೆಟ್ಟಿಲಿನ ಬಣ್ಣ ಎಲ್ಲಿಂದ ಬದಲಾಗುತ್ತದೆ, ಪಾಚಿ ಯಾವ ಮಗ್ಗುಲಿಗೆ ಕಟ್ಟಿದೆ ಎಂದು ಬರೆದುಕೊಳ್ಳಿ. ಕಟ್ಟಡ ಬೇಡವೆಂದರೆ ಗದ್ದೆಯಿಂದ ಬಂದ ಟ್ರ್ಯಾಕ್ಟರ್ ಇದೆ. ಕೆಸರು ಯಾವ ಸಂದಿಯಲ್ಲಿ ಒಣಗಿ ನಿಲ್ಲುತ್ತದೆ, ಬಣ್ಣ ಮೊದಲು ಸವೆಯುವುದು ಎಲ್ಲಿ ಎಂಬುದನ್ನು ನಗರದ ಹುಡುಗ ಊಹಿಸಿ ಬಳಿಯುತ್ತಾನೆ. ನೀವು ದಿನಾ ನೋಡಿದ್ದೀರಿ.

ಪೋರ್ಟ್‌ಫೋಲಿಯೊದಲ್ಲಿ ಸಂಖ್ಯೆಯ ಹುಚ್ಚೂ ಬೇಡ. ನಾಲ್ಕೈದು ಪಕ್ಕಾ ಕೆಲಸಗಳ ನಡುವೆ ಒಂದು ಕಳಪೆಯದು ಸೇರಿದರೆ ಅಳೆಯುವುದು ಅದರಿಂದಲೇ. ಗುಂಪಿನಲ್ಲಿ ಮಾಡಿದ್ದಾದರೆ ನಿಮ್ಮ ಪಾಲು ಎಷ್ಟೆಂದು ಬರೆಯಿರಿ.

ನಂಬಿಕೆ: ಕೆಲಸ ಖಾಯಂ ಆಗಲು ಡಿಪಾಸಿಟ್ ಕಟ್ಟಬೇಕು

ಸರಿಯಾದ ಸ್ಟುಡಿಯೋ ಅರ್ಜಿಗಾಗಲಿ ತರಬೇತಿಗಾಗಲಿ ನಿಮ್ಮಿಂದ ದುಡ್ಡು ಕೇಳುವುದಿಲ್ಲ. ಕೇಳುವುದು ಆರ್ಟ್ ಟೆಸ್ಟ್: ಒಂದು ವಸ್ತು, ಇಂತಿಷ್ಟು ದಿನ. ಅದರಲ್ಲಿ ಅಂದದಷ್ಟೇ ಮುಖ್ಯವಾಗಿ ನೋಡುವುದು, ಕೊಟ್ಟ ಸೂಚನೆಯನ್ನು ಸಾಲು ಸಾಲಾಗಿ ಪಾಲಿಸಿದ್ದೀರಾ ಎಂದು. ಫೋನ್‌ಪೇ ನಂಬರ್ ಕಳಿಸಿದವರಿಗೆ ಉತ್ತರ ಬರೆಯಬೇಕಾಗಿಲ್ಲ.