ಖಾರ ಹಚ್ಚಿ ಕರಿದ ಪನೀರ್

ಕಾದ ಎಣ್ಣೆಗೆ ಬಿದ್ದರೂ ಪನೀರ್ ಕರಗುವುದಿಲ್ಲ. ಅದರ ಪಕ್ಕದಲ್ಲೇ ಒಂದು ತುಂಡು ಮೊಝರೆಲ್ಲಾ ಬಿಟ್ಟರೆ ಅದು ನೋಡನೋಡುತ್ತ ಮೆತ್ತಗಾಗಿ, ಹರಿದು, ಬಾಣಲೆಯ ತಳ ಹಿಡಿಯುತ್ತದೆ. ಪನೀರ್ ಮಾತ್ರ ಅಂಚು ಕೂಡ ಮುಕ್ಕಾಗದೆ ಹೊಂಬಣ್ಣಕ್ಕೆ ತಿರುಗುತ್ತದೆ. ಸಂಜೆಯ ಕಾಫಿಯ ಜೊತೆಗೋ ಊಟಕ್ಕೆ ಮುಂಚಿನ ಕುರುಕಲಿಗೋ ಖಾರದ ಚೀಸ್ ತಿಂಡಿ ಕರಿಯಬೇಕೆಂದರೆ ಮೊದಲು ತಿಳಿದಿರಬೇಕಾದದ್ದು ಈ ವ್ಯತ್ಯಾಸ. ಹಿಟ್ಟು ಎಷ್ಟು ದಪ್ಪವಿರಬೇಕು, ಎಣ್ಣೆ ಎಷ್ಟು ಕಾಯಬೇಕು, ತುಂಡುಗಳನ್ನು ಮೊದಲು ಫ್ರೀಜರಿನಲ್ಲಿ ಇಡಬೇಕೋ ಬೇಡವೋ ಎಂಬುದೆಲ್ಲ ಕೈಯಲ್ಲಿರುವ ಚೀಸ್ ಕರಗುವಂಥದೋ ಅಲ್ಲವೋ ಎಂಬುದರ ಮೇಲೆ ನಿಂತಿದೆ.

ಕಾರಣ ಇರುವುದು ಹಾಲನ್ನು ಗಟ್ಟಿಯಾಗಿಸುವ ವಿಧಾನದಲ್ಲಿ. ಮೊಝರೆಲ್ಲಾ, ಚೆಡ್ಡಾರ್ ಮುಂತಾದವುಗಳಿಗೆ ಹಾಲನ್ನು ಹೆಪ್ಪಾಗಿಸುವುದು ರೆನ್ನೆಟ್ ಎಂಬ ಕಿಣ್ವ. ಅಲ್ಲಿ ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್ ಕ್ಯಾಲ್ಸಿಯಂನ ನೆರವಿನಿಂದ ಹೆಣೆದುಕೊಂಡಿರುತ್ತದೆ; ಬಿಸಿ ತಾಗಿದಾಗ ಆ ಹೆಣಿಗೆ ಸಡಿಲಗೊಂಡು ಚೀಸ್ ಹರಿಯತೊಡಗುತ್ತದೆ. ಪನೀರಿಗೆ ರೆನ್ನೆಟ್ ಬೇಡ. ಕುದಿಯ ಸಮೀಪಕ್ಕೆ ಕಾಯಿಸಿದ ಹಾಲಿಗೆ ಹುಳಿ ಹಾಕಿ ಒಡೆಸುತ್ತಾರೆ. ಹಾಲು ಅಷ್ಟು ಕಾಯುವಾಗಲೇ, ತಿಳಿನೀರಿನೊಂದಿಗೆ ಹರಿದುಹೋಗಬೇಕಿದ್ದ ಪ್ರೋಟೀನುಗಳೂ ಕೇಸೀನಿಗೆ ಅಂಟಿಕೊಳ್ಳುತ್ತವೆ. ಹುಳಿ ಬಿದ್ದಾಗ ಕ್ಯಾಲ್ಸಿಯಂನ ಸಾಕಷ್ಟು ಭಾಗ ಕರಗಿ ತಿಳಿಗೆ ಸೇರುತ್ತದೆ. ಹೀಗೆ ಉಂಟಾದ ಗಟ್ಟಿ ಬಿಸಿಗೆ ಸಡಿಲವಾಗುವ ಬದಲು ಇನ್ನಷ್ಟು ಬಿಗಿಯುತ್ತದೆ.

ಈ ಬಿಗಿತವೇ ಪನೀರಿನ ತೊಂದರೆಯೂ ಹೌದು. ಎಣ್ಣೆಯಲ್ಲಿ ಹೆಚ್ಚು ಹೊತ್ತು ಉಳಿದರೆ ಪ್ರೋಟೀನು ಕುಗ್ಗಿ ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತದೆ, ತುಂಡು ರಬ್ಬರಿನಂತಾಗುತ್ತದೆ. ಮನೆಯಲ್ಲಿ ಕರಿದ ಪನೀರ್ ಹೋಟೆಲಿನದರಂತೆ ಮೃದುವಾಗಿಲ್ಲ ಎಂಬ ದೂರಿಗೆ ಬಹುತೇಕ ಸಲ ಇದೇ ಮೂಲ. ಆದ್ದರಿಂದ ಕೊಳ್ಳುವಾಗಲೇ ಕೊಬ್ಬು ತುಂಬಿದ, ತಾಜಾ ಪನೀರ್ ಆರಿಸಿಕೊಳ್ಳುವುದು ಮೇಲು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಂತೆ ಪೂರ್ಣ ಕೊಬ್ಬಿನ ಪನೀರಿನಲ್ಲಿ ನೀರಿನಂಶ ಶೇ. 60ನ್ನು ಮೀರಬಾರದು, ನೀರು ಬಿಟ್ಟು ಉಳಿದ ಭಾಗದಲ್ಲಿ ಕನಿಷ್ಠ ಶೇ. 50 ಹಾಲಿನ ಕೊಬ್ಬು ಇರಬೇಕು. ಕಡಿಮೆ ಕೊಬ್ಬಿನದು ಪಲ್ಯಕ್ಕೆ ನಡೆದೀತು, ಕರಿಯಲು ಸಲ್ಲದು. ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಕೊಬ್ಬು ಸೇರಿಸಿದ, ಪನೀರಿನಂತೆಯೇ ಕಾಣುವ ಪದಾರ್ಥಗಳೂ ಮಾರುಕಟ್ಟೆಯಲ್ಲಿರುವುದರಿಂದ ಪೊಟ್ಟಣದ ಮೇಲಿನ ಬರಹವನ್ನು ಓದಿಯೇ ಕೊಳ್ಳಬೇಕು.

ಮನೆಯಲ್ಲೇ ಮಾಡುವುದಾದರೆ ಎಮ್ಮೆಯ ಹಾಲು ಶ್ರೇಷ್ಠ. ಆಕಳ ಹಾಲಿಗಿಂತ ಅದರಲ್ಲಿ ಕೊಬ್ಬೂ ಪ್ರೋಟೀನೂ ಹೆಚ್ಚು. ಒಂದು ಲೀಟರಿಗೆ ಸುಮಾರು 200 ಗ್ರಾಂ ಪನೀರ್ ದಕ್ಕುತ್ತದೆ, ಕತ್ತರಿಸಿದರೆ ಅಂಚು ನಿಲ್ಲುತ್ತದೆ. ಹಾಲು ಉಕ್ಕಿ ಬಂದ ಮೇಲೆ ಒಲೆ ಆರಿಸಿ, ಒಂದೆರಡು ನಿಮಿಷ ಬಿಟ್ಟು, ಎರಡು ದೊಡ್ಡ ಚಮಚ ನಿಂಬೆರಸವನ್ನು ಅಷ್ಟೇ ಬಿಸಿನೀರಿನಲ್ಲಿ ಬೆರೆಸಿ ಸ್ವಲ್ಪಸ್ವಲ್ಪವಾಗಿ ಹಾಕುತ್ತ ನಿಧಾನ ಕೈಯಾಡಿಸಬೇಕು. ಹಸಿರು ಛಾಯೆಯ ತಿಳಿ ಬೇರೆಯಾದ ಕೂಡಲೇ ಹುಳಿ ನಿಲ್ಲಿಸಬೇಕು. ಮೇಲೆ ಸುರಿದ ಹುಳಿಯೆಲ್ಲ ಪನೀರನ್ನು ಪುಡಿಪುಡಿಯಾಗಿಸುತ್ತದೆ. ಬಟ್ಟೆಯಲ್ಲಿ ಸೋಸಿ, ಎರಡು ಮೂರು ಕಿಲೋ ಭಾರ ಹೇರಿ 20 ನಿಮಿಷ ಇಟ್ಟು, ಆಮೇಲೆ ಫ್ರಿಜ್ಜಿನ ತಣ್ಣೀರಿನಲ್ಲಿ ಎರಡು ಗಂಟೆ ಮುಳುಗಿಸಿಟ್ಟರೆ ಗಟ್ಟಿ ಕೂರುತ್ತದೆ. ಡೈರಿಗಳಲ್ಲಿ ನಡೆಯುವುದೂ ಇದೇ ಕ್ರಮ. ತಿಳಿನೀರನ್ನು ಚಪಾತಿ ಹಿಟ್ಟು ಕಲಸಲು ಇಟ್ಟುಕೊಳ್ಳಬಹುದು.

ಇನ್ನು ಖಾರದ ವಿಚಾರ. ಈ ತಿಂಡಿಯ ಜೀವ ಇರುವುದು ಇಲ್ಲಿ. ಮೆಣಸಿನಕಾಯಿಯ ಉರಿಗೆ ಕಾರಣವಾದ ಕ್ಯಾಪ್ಸೇಸಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಹಾಲಿನ ಕೇಸೀನ್ ಅದನ್ನು ಹಿಡಿದು ನಾಲಿಗೆಯಿಂದ ಬಿಡಿಸುತ್ತದೆ. ಖಾರ ಉಂಡವರು ನೀರು ಬಿಟ್ಟು ಮಜ್ಜಿಗೆ, ಮೊಸರಿಗೆ ಕೈಚಾಚುವುದಕ್ಕೆ ಇದೇ ಆಧಾರ. ಪನೀರಿನಲ್ಲಿ ಕೊಬ್ಬೂ ಇದೆ, ಕೇಸೀನೂ ಇದೆ. ಹಾಗಾಗಿ ಹೊರಗಿನ ಕವಚ ನಾಲಿಗೆಗೆ ಚುರುಕು ಮುಟ್ಟಿಸಿದರೂ ಅಗಿಯುತ್ತಿದ್ದಂತೆ ಒಳಗಿನ ಬಿಳಿ ಭಾಗ ಅದನ್ನು ತಣಿಸುತ್ತದೆ. ತರಕಾರಿ ಬಜ್ಜಿಗೆ ಹಾಕುವಷ್ಟೇ ಅಚ್ಚಖಾರದ ಪುಡಿ ಇಲ್ಲಿ ಸಪ್ಪೆ ಅನ್ನಿಸುತ್ತದೆ; ಒಂದೂವರೆ ಪಟ್ಟು ಹಾಕಲು ಅಂಜಬೇಕಾಗಿಲ್ಲ.

ಯಾವ ಮೆಣಸಿನಕಾಯಿ ಎಂಬುದೂ ಮುಖ್ಯ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ, 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಸುಕ್ಕುಗಟ್ಟಿದ ಮೆಣಸಿನಕಾಯಿಗೆ ಕಡುಗೆಂಪು ಬಣ್ಣವಿದೆ, ಘಮವಿದೆ, ಖಾರ ಕಡಿಮೆ. ಗುಂಟೂರಿನದು ಇದಕ್ಕೆ ವಿರುದ್ಧ: ಬಣ್ಣಕ್ಕಿಂತ ಉರಿ ಹೆಚ್ಚು. ಮೂರು ಪಾಲು ಬ್ಯಾಡಗಿಗೆ ಒಂದು ಪಾಲು ಗುಂಟೂರು ಬೆರೆಸಿದರೆ ಎರಡೂ ಒದಗುತ್ತವೆ. ಒಣಪುಡಿಗಿಂತಲೂ ಬ್ಯಾಡಗಿಯನ್ನು ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ ನುಣ್ಣಗೆ ಅರೆದ ಮಸಾಲೆ ಇನ್ನೂ ಚೆನ್ನ. ಅದು ಎಣ್ಣೆಯಲ್ಲಿ ಬೇಗ ಕರಕಾಗುವುದಿಲ್ಲ. ಮಲೆನಾಡಿನ ಕಾಳುಮೆಣಸನ್ನು ಅರ್ಧ ಚಮಚ ತರಿತರಿಯಾಗಿ ಕುಟ್ಟಿ ಹಾಕಿದರೆ ಮೆಣಸಿನಕಾಯಿಯ ಉರಿ ಇಳಿದ ಮೇಲೂ ಗಂಟಲಿನಲ್ಲಿ ಬೆಚ್ಚಗಿನ ಖಾರ ಉಳಿಯುತ್ತದೆ.

ಬಣ್ಣಕ್ಕೆ ಬ್ಯಾಡಗಿಯನ್ನು ನೆಚ್ಚಬೇಕೆನ್ನುವುದಕ್ಕೆ ಇನ್ನೊಂದು ಗಟ್ಟಿ ಕಾರಣವಿದೆ. ರಸ್ತೆಬದಿಯ ಕೆಂಪು ತಿಂಡಿಗಳಿಗೆ ಕೃತಕ ಬಣ್ಣ ಸುರಿಯುವ ರೂಢಿ ಎಷ್ಟು ಬೆಳೆದಿತ್ತೆಂದರೆ, 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನು ನಿಷೇಧಿಸಬೇಕಾಯಿತು. ಜೂನ್‌ನಲ್ಲಿ ನಿಷೇಧ ಕಬಾಬುಗಳಿಗೂ ಹಬ್ಬಿತು. ಮನೆಯಲ್ಲಿ ಮಕ್ಕಳಿಗೆಂದು ಮಾಡುವ ತಿನಿಸಿಗೆ ಅಂಥ ಪುಡಿ ಸೋಕಲೇಬಾರದು. ಒಳ್ಳೆಯ ಬ್ಯಾಡಗಿ ಕೊಡುವ ಕೆಂಪು ಕಣ್ಣಿಗೂ ಸಾಕು, ನಾಲಿಗೆಗೂ ಸಾಕು.

ತೆಂಕಣ ಭಾರತದ ಮನೆಗಳಿಗೆ ಚಿರಪರಿಚಿತವಾದ ಪನೀರ್ 65 ಈ ಬಗೆಯ ತಿಂಡಿಗೆ ಒಳ್ಳೆಯ ಮಾದರಿ. ಚಿಕನ್ 65ನ್ನು 1965ರಲ್ಲಿ ಮೊದಲು ಬಡಿಸಿದ್ದು ತಾನೇ ಎಂದು ಚೆನ್ನೈನ ಬುಹಾರಿ ಹೋಟೆಲು ಹೇಳಿಕೊಳ್ಳುತ್ತದೆ. ಪನೀರ್ 65 ಅದರ ಸಸ್ಯಾಹಾರಿ ರೂಪ. 250 ಗ್ರಾಂ ಪನೀರನ್ನು ಹೆಬ್ಬೆರಳ ಅಗಲದ ಘನಗಳಾಗಿ ಹೆಚ್ಚಿ, ಉಪ್ಪು ಹಾಕಿದ ಬಿಸಿನೀರಿನಲ್ಲಿ ಹತ್ತು ನಿಮಿಷ ಬಿಡುವುದು ಮೊದಲ ಕೆಲಸ. ಇದರಿಂದ ತುಂಡು ಮೆದುವಾಗುತ್ತದೆ, ಒಳಗೂ ಉಪ್ಪು ಹಿಡಿಯುತ್ತದೆ. ಆಮೇಲೆ ಬಟ್ಟೆಯಿಂದ ಒತ್ತಿ ಪೂರ್ತಿ ಒರೆಸಬೇಕು. ಒದ್ದೆ ಉಳಿದರೆ ಹಿಟ್ಟು ಜಾರುತ್ತದೆ, ಎಣ್ಣೆ ಸಿಡಿಯುತ್ತದೆ. ಎರಡು ದೊಡ್ಡ ಚಮಚ ಗಟ್ಟಿ ಮೊಸರು, ಒಂದು ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟು, ಎರಡು ಚಮಚ ಮೆಣಸಿನಕಾಯಿ ಮಸಾಲೆ, ಚಿಟಿಕೆ ಅರಿಶಿನ, ಕಾಳುಮೆಣಸು, ಉಪ್ಪು ಬೆರೆಸಿ ತುಂಡುಗಳಿಗೆ ಸವರಿ ಅರ್ಧ ಗಂಟೆ ಇಡುತ್ತಾರೆ. ರಾತ್ರಿಯಿಡೀ ನೆನೆಸಿದರೆ ಮಸಾಲೆ ಒಳಗಿಳಿಯುತ್ತದೆ ಎಂಬ ನಂಬಿಕೆ ಪನೀರಿನ ಮಟ್ಟಿಗೆ ಹುಸಿ. ಅದರ ಗಟ್ಟಿ ಮೈಯೊಳಗೆ ಉಪ್ಪು ಒಂದಿಷ್ಟು ಇಳಿದರೂ ಖಾರ ಮೇಲ್ಮೈಯನ್ನು ದಾಟುವುದಿಲ್ಲ.

ಒಳಗೂ ಖಾರ ಬೇಕೆನ್ನುವವರಿಗೆ ಉತ್ತರ ಭಾರತದ ಪನೀರ್ ಪಕೋಡ ದಾರಿ ತೋರಿಸುತ್ತದೆ. ಅಲ್ಲಿ ಅಂಗೈ ಉದ್ದದ ಹೋಳನ್ನು ಮಧ್ಯೆ ಸೀಳಿ, ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿಯ ಚಟ್ನಿ ಸವರಿ ಮುಚ್ಚಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಚಟ್ನಿ ನೀರಾಗಿರಬಾರದು. ಅದಕ್ಕೆ ನಮ್ಮ ಕಡೆಯ ಬೆಳ್ಳುಳ್ಳಿ ಕೆಂಪು ಚಟ್ನಿಯೂ ಸೊಗಸಾಗಿ ಒಪ್ಪುತ್ತದೆ.

ಹೊರಕವಚದ ಹಿಟ್ಟಿನಲ್ಲಿ ಎರಡು ದಾರಿಗಳಿವೆ. 65ಕ್ಕೆ ತೆಳುವಾದ, ಗರಿಗರಿ ಹೊದಿಕೆ ಬೇಕು: ಮೂರು ದೊಡ್ಡ ಚಮಚ ಕಾರ್ನ್‌ಫ್ಲೋರ್, ಎರಡು ಚಮಚ ಅಕ್ಕಿಹಿಟ್ಟು, ಹಿಡಿತಕ್ಕೆ ಒಂದು ಚಮಚ ಮೈದಾ. ಕಾರ್ನ್‌ಫ್ಲೋರ್ ಬರೀ ಪಿಷ್ಟ. ನೀರು ಆವಿಯಾದ ಮೇಲೆ ಒಣಗಿ ಗಟ್ಟಿಯಾಗಿ ನಿಲ್ಲುತ್ತದೆ. ಮೈದಾ ಹೆಚ್ಚಾದರೆ ಅದರ ಗ್ಲುಟೆನ್ ಕವಚವನ್ನು ನಾರುನಾರಾಗಿಸುತ್ತದೆ. ಪಕೋಡಕ್ಕೆ ಒಂದು ಬಟ್ಟಲು ಕಡಲೆಹಿಟ್ಟಿಗೆ ಎರಡು ಚಮಚ ಅಕ್ಕಿಹಿಟ್ಟು, ಅಂಗೈಯಲ್ಲಿ ತಿಕ್ಕಿದ ಓಮ, ಒಂದು ಚಮಚ ಕಾದ ಎಣ್ಣೆ ಸೇರಿಸಿ, ದೋಸೆಹಿಟ್ಟಿಗಿಂತ ಕೊಂಚ ಗಟ್ಟಿಯಾಗಿ ಕಲಸಬೇಕು. ಸೋಡಾ ಹಾಕುವುದಿದ್ದರೆ ಚಿಟಿಕೆ ಮೀರಬಾರದು. ಹೆಚ್ಚಾದರೆ ಬಜ್ಜಿ ಎಣ್ಣೆ ಕುಡಿಯುತ್ತದೆ, ಅರಿಶಿನ ಕೆಂಪಾಗುತ್ತದೆ, ಸಾಬೂನಿನ ರುಚಿ ಬರುತ್ತದೆ.

ಎಣ್ಣೆಯ ಹದ 170ರಿಂದ 180 ಡಿಗ್ರಿ ಸೆಲ್ಸಿಯಸ್. ತಾಪಮಾಪಕ ಇಲ್ಲದ ಮನೆಯಲ್ಲಿ ಒಂದು ಹನಿ ಹಿಟ್ಟು ಬಿಟ್ಟು ನೋಡುವ ಹಳೆಯ ಪರೀಕ್ಷೆಯೇ ಸಾಕು: ಹನಿ ತಳಕ್ಕೆ ಹೋಗಿ ತಕ್ಷಣ ಮೇಲೆದ್ದು ಗುಳ್ಳೆ ಬಿಡಬೇಕು. ತಳದಲ್ಲೇ ಉಳಿದರೆ ಎಣ್ಣೆ ಕಾದಿಲ್ಲ, ಬಿದ್ದಲ್ಲೇ ಕಂದಿದರೆ ಮಿತಿಮೀರಿ ಕಾದಿದೆ. ಒಮ್ಮೆಗೆ ಏಳೆಂಟು ತುಂಡಿಗಿಂತ ಹೆಚ್ಚು ಬಿಟ್ಟರೆ ಎಣ್ಣೆ ತಣಿದು ಕವಚ ಮೆತ್ತಗಾಗುತ್ತದೆ. ಪನೀರ್ ಬೇಯಬೇಕಾದ ಪದಾರ್ಥವಲ್ಲ. ಬೇಯಬೇಕಾದದ್ದು ಹಿಟ್ಟು ಮಾತ್ರ. ಎರಡು ಮೂರು ನಿಮಿಷದಲ್ಲಿ ಬಣ್ಣ ಬಂದೊಡನೆ ತೆಗೆಯಬೇಕು. ಕರಿದದ್ದು ಎಣ್ಣೆ ಹೀರುವುದು ಬಹುಪಾಲು ಬಾಣಲೆಯಲ್ಲಲ್ಲ, ಹೊರತೆಗೆದ ಮೇಲೆ. ತುಂಡು ತಣಿಯುತ್ತಿದ್ದಂತೆ ಕವಚದೊಳಗಿನ ಆವಿ ನೀರಾಗಿ ಒತ್ತಡ ಇಳಿಯುತ್ತದೆ, ಮೇಲೆ ಅಂಟಿದ ಎಣ್ಣೆಯನ್ನು ಒಳಕ್ಕೆ ಸೆಳೆಯುತ್ತದೆ. ಜಾಲರಿಯ ಸೌಟಿನಲ್ಲಿ ಎತ್ತಿ, ಬಾಣಲೆಯ ಮೇಲೇ ಚೆನ್ನಾಗಿ ಕೊಡವಿ, ಒಂದರ ಮೇಲೊಂದು ಹೇರದೆ ಹರಡಿದರೆ ಎಣ್ಣೆಯ ಜಿಡ್ಡು ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ.

65ಕ್ಕೆ ಕೊನೆಯಲ್ಲಿ ಒಗ್ಗರಣೆ ಉಂಟು. ಒಂದು ಚಮಚ ಎಣ್ಣೆಯಲ್ಲಿ ಹೆಚ್ಚಿದ ಬೆಳ್ಳುಳ್ಳಿ, ಸೀಳಿದ ಹಸಿಮೆಣಸಿನಕಾಯಿ, ಕೈತುಂಬ ಕರಿಬೇವು ಹುರಿದು, ಒಲೆ ಆರಿಸಿದ ಮೇಲೆ ತುಂಡುಗಳನ್ನು ಹಾಕಿ ಕುಲುಕಿ, ನಿಂಬೆಹಣ್ಣು ಹಿಂಡುತ್ತಾರೆ.

ಕರಗುವ ಚೀಸಿಗೆ ನಿಯಮಗಳೇ ಬೇರೆ. ಮೊಝರೆಲ್ಲಾ ಕಡ್ಡಿಗಳನ್ನು ಖಾರ ಬೆರೆಸಿದ ಮೈದಾದಲ್ಲಿ ಹೊರಳಿಸಿ, ಮೊಟ್ಟೆಯಲ್ಲಿ ಅಥವಾ ನೀರು ಮಾಡಿದ ಕಾರ್ನ್‌ಫ್ಲೋರಿನಲ್ಲಿ ಅದ್ದಿ, ಬ್ರೆಡ್ ಪುಡಿ ಮೆತ್ತಿ, ಅದ್ದುವುದನ್ನೂ ಮೆತ್ತುವುದನ್ನೂ ಮತ್ತೊಮ್ಮೆ ಮಾಡಿ, ಎರಡು ಗಂಟೆ ಫ್ರೀಜರಿನಲ್ಲಿ ಇಡಬೇಕು. ಒಳಗಿನ ಚೀಸ್ ಹರಿಯುವ ಮೊದಲೇ ಹೊರಗಿನ ಕವಚ ಗಟ್ಟಿಯಾಗಲೆಂದು ಈ ಏರ್ಪಾಡು. ಎಣ್ಣೆ ಪನೀರಿಗಿಂತ ತುಸು ಹೆಚ್ಚು ಕಾದಿರಬೇಕು, ಒಂದು ನಿಮಿಷದ ಆಚೀಚೆ ತೆಗೆಯಬೇಕು. ಕವಚದಲ್ಲಿ ಸೂಜಿಮೊನೆಯಷ್ಟು ಬಿರುಕಿದ್ದರೂ ಚೀಸ್ ಅಲ್ಲಿಂದ ಹೊರಬರುತ್ತದೆ. ಅಂಗಡಿಯ ಸಂಸ್ಕರಿತ ಚೀಸ್ ಗಟ್ಟಿಗಳನ್ನು ತುರಿದು ಬೇಯಿಸಿದ ಆಲೂಗಡ್ಡೆಯೊಂದಿಗೆ ಉಂಡೆ ಮಾಡಿದರೆ ಈ ಕಾಟ ಕಡಿಮೆ. ಆಲೂಗಡ್ಡೆಯ ಪಿಷ್ಟ ಅದನ್ನು ಹಿಡಿದಿಡುತ್ತದೆ.

ಕರಗುವ ಚೀಸಿಗೆ ಗೋಡೆಯಾಗಲು ಹಿಟ್ಟೇ ಬೇಕೆಂದಿಲ್ಲ, ಮೆಣಸಿನಕಾಯಿಯೇ ಆಗಬಹುದು. ಅಮೆರಿಕದಲ್ಲಿ ಮೆಕ್ಸಿಕೋ ಮೂಲದ ಹಲಪೇನ್ಯೋ ಮೆಣಸಿನಕಾಯಿಯೊಳಗೆ ಚೀಸ್ ತುಂಬಿ ಕರಿಯುವ ತಿಂಡಿ ಬಲು ಜನಪ್ರಿಯ. ಹುಬ್ಬಳ್ಳಿ ಧಾರವಾಡದ ಕಡೆ ಗಿರ್ಮಿಟ್ಟಿನ ಜೊತೆ ಕೊಡುವ ಮಿರ್ಚಿಯ ಉದ್ದ ಮೆಣಸಿನಕಾಯಿ ಇದಕ್ಕೆ ಇನ್ನೂ ಅನುಕೂಲ. ಒಂದೇ ಬದಿ ಸೀಳಿ ಬೀಜವನ್ನೂ ಬಿಳಿಯ ತಿರುಳನ್ನೂ ತೆಗೆಯಬೇಕು. ಖಾರದ ಹೆಚ್ಚಿನ ಪಾಲು ಆ ತಿರುಳಿನಲ್ಲಿದೆ. ತುರಿದ ಚೀಸಿಗೆ ಪುಡಿ ಮಾಡಿದ ಪನೀರ್ ಸಮಪಾಲು ಬೆರೆಸಿ ತುಂಬಿ, ಕಡಲೆಹಿಟ್ಟಿನಲ್ಲಿ ಅದ್ದಿ ಬಿಟ್ಟರೆ ಒಂದು ಹರಿಯುತ್ತದೆ, ಇನ್ನೊಂದು ಅದನ್ನು ತಡೆಯುತ್ತದೆ.

ಪನೀರಿನಂತೆ ಕರಗದ ಚೀಸುಗಳು ಹೊರದೇಶಗಳಲ್ಲೂ ಇವೆ. ಸೈಪ್ರಸ್ಸಿನ ಹಲೂಮಿ ರೆನ್ನೆಟ್ಟಿನಿಂದಲೇ ಆದದ್ದಾದರೂ ಗಟ್ಟಿಯನ್ನು ಅದರದೇ ಬಿಸಿ ತಿಳಿನೀರಿನಲ್ಲಿ ಮತ್ತೆ ಬೇಯಿಸುವುದರಿಂದ ಬಾಣಲೆಯಲ್ಲಿ ನಿಲ್ಲುತ್ತದೆ. ಗಲ್ಫ್ ನಾಡುಗಳಲ್ಲೂ ಬ್ರಿಟನ್ನಿನಲ್ಲೂ ಇರುವ ಕನ್ನಡಿಗರಿಗೆ ಅದು ಸುಲಭವಾಗಿ ಸಿಗುತ್ತದೆ. ಉಪ್ಪುನೀರಿನಲ್ಲಿ ಇಟ್ಟ ಚೀಸಾದ್ದರಿಂದ ಮಸಾಲೆಗೆ ಉಪ್ಪು ಸೇರಿಸಬಾರದು. ಹೋಳುಗಳನ್ನು ಅರ್ಧ ಗಂಟೆ ಸಾದಾ ನೀರಿನಲ್ಲಿ ಇಟ್ಟು ತೆಗೆಯುವುದು ಒಳ್ಳೆಯದು.

ಹಿಟ್ಟಿನಲ್ಲಿ ಅದ್ದಿದ್ದನ್ನು ಏರ್ ಫ್ರೈಯರಿನಲ್ಲಿ ಮಾಡಲು ಬರುವುದಿಲ್ಲ, ಹಿಟ್ಟು ಸೋರಿಹೋಗುತ್ತದೆ. ಬ್ರೆಡ್ ಪುಡಿ ಮೆತ್ತಿ ಎಣ್ಣೆ ಸವರಿದ ಪನೀರ್ ತುಂಡುಗಳು ಮಾತ್ರ ಅಲ್ಲಿ ಗರಿಗರಿಯಾಗುತ್ತವೆ. ಕರಿದುಳಿದ ಎಣ್ಣೆಯಲ್ಲಿ ಮಸಾಲೆಯ ಕರಕು ಇರುವುದರಿಂದ ಸೋಸಿಟ್ಟು ಒಗ್ಗರಣೆಗೆ ಬೇಗ ಮುಗಿಸಬೇಕು, ಮತ್ತೆ ಕರಿಯಲು ಬಳಸಬಾರದು. ತಿಂದು ಮಿಕ್ಕ ತುಂಡುಗಳು ತಣ್ಣಗಾದ ಮೇಲೆ ಬಿರುಸಾಗುತ್ತವೆ. ಮಾರನೆಯ ದಿನ ಈರುಳ್ಳಿ ಟೊಮೆಟೊ ಗೊಜ್ಜಿನಲ್ಲಿ ಐದು ನಿಮಿಷ ಕುದಿಸಿದರೆ ಮತ್ತೆ ಮೆದುವಾಗಿ ಚಪಾತಿಗೆ ನೆಂಚಿಕೊಳ್ಳಲು ಬರುತ್ತವೆ.