ಹಳೆಯ ಪೆಟ್ಟಿಗೆಯ ಕಾಗದಗಳನ್ನು ಆಯುವ ಕ್ರಮ

ಅಟ್ಟದ ಮೇಲೋ ಮಂಚದ ಕೆಳಗೋ ಒಂದು ತಗಡಿನ ಪೆಟ್ಟಿಗೆಯಿಲ್ಲದ ಮನೆ ನಮ್ಮಲ್ಲಿ ಅಪರೂಪ. ಅದರೊಳಗೆ ಹಳೆಯ ಓಲೆಗಳು, ಛಾಯಾಚಿತ್ರಗಳು, ಲೆಕ್ಕದ ಪುಸ್ತಕಗಳು, ಮಕ್ಕಳ ಅಂಕಪಟ್ಟಿಗಳು, ಮದುವೆಯ ಕರೆಯೋಲೆಗಳು ಒಂದರೊಳಗೊಂದು ಸೇರಿಕೊಂಡು ಬಿದ್ದಿರುವವು. ಸುಣ್ಣ ಬಳಿಯುವಾಗಲೋ ಮನೆ ಬದಲಾಯಿಸುವಾಗಲೋ ಆ ಪೆಟ್ಟಿಗೆ ಹೊರಗೆ ಬರುವದು. ಅರ್ಧ ಘಳಿಗೆಯಲ್ಲಿ ಅದರ ವಿಚಾರಣೆ ಮುಗಿದು, ಮುದ್ರೆಯುಳ್ಳ ಪತ್ರಗಳು ಬೀರುವಿಗೂ ಮಿಕ್ಕವು ಬಚ್ಚಲೊಲೆಗೂ ಹೋಗುವವು. ಹೀಗೆ ಒಲೆಗೆ ಹೋಗುವವುಗಳಲ್ಲಿ ಹೆಚ್ಚಿನವು ಮನೆಯ ಹೆಂಗಸರು ಬರೆದವೇ ಎಂಬದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಕಂಡಿರಬಹುದು. ಅಜ್ಜನ ಹೆಸರು ಕ್ರಯಪತ್ರದಲ್ಲಿಯೂ ಕಚೇರಿಯ ದಫ್ತರದಲ್ಲಿಯೂ ಉಳಿಯುವದು. ಅಜ್ಜಿಯ ಕೈಬರಹವು ಉಳಿಯುವದಾದರೆ ಹಾಲಿನ ಲೆಕ್ಕದಲ್ಲಿಯೂ ಉಪ್ಪಿನಕಾಯಿಯ ಅಳತೆಯಲ್ಲಿಯೂ ಉಳಿಯಬೇಕು.

ನನ್ನ ಅಜ್ಜಿಯ ಪೆಟ್ಟಿಗೆಯು ಈಗ ನನ್ನ ವಶದಲ್ಲಿದೆ. ಅದರೊಳಗಿನ ಮುಖಗಳನ್ನು ಗುರುತಿಸಬಲ್ಲವರು ಅಜ್ಜಿಯ ತಂಗಿಯಾದ ನನ್ನ ಚಿಕ್ಕಜ್ಜಿಯೊಬ್ಬರೇ. ಅವರಿಗೆ 88 ವರ್ಷ. ಆದಕಾರಣ ಈ ಕೆಲಸಕ್ಕೆ ಬೇಸಿಗೆ ರಜೆ ಬರಲಿ ಎಂದು ಕಾಯುವ ಹಾಗಿಲ್ಲ. ಬೇಸಿಗೆ ರಜೆಯು ನೆಂಟರಿಗೂ ಮದುವೆಗಳಿಗೂ ಹಪ್ಪಳಕ್ಕೂ ಸಲ್ಲುವದೇ ಹೊರತು ಯಾವ ಗೃಹಿಣಿಗೂ ಬಿಡುವಾಗಿ ದೊರೆತದ್ದನ್ನು ನಾನು ಕೇಳಿಲ್ಲ. ಪರೀಕ್ಷೆಯ ಉತ್ತರಗಳನ್ನು ತಿದ್ದುವದು, ಸಾರಿಗೆ ಒಗ್ಗರಣೆ ಹಾಕುವದು ಇವುಗಳ ನಡುವೆಯೇ ಇದೂ ನಡೆಯಬೇಕು.

ನಾನು ಅನುಸರಿಸುವ ಕ್ರಮವು ಬಹಳ ಸುಲಭವಾದದ್ದು. ಪೆಟ್ಟಿಗೆಯನ್ನು ನೆಲದ ಮೇಲೆ ಸುರಿಯದೆ, ಒಂದು ಮೊರದಲ್ಲಿ ಹಿಡಿಸುವಷ್ಟನ್ನು ಮಾತ್ರ ಹೊರಗೆ ತೆಗೆದುಕೊಳ್ಳುತ್ತೇನೆ. ಅಕ್ಕಿಯನ್ನು ಆಯುವಂತೆ ಅದನ್ನು ಆಯ್ದು ಮುಗಿಸದೆ ಮತ್ತೊಂದು ಮೊರವನ್ನು ತುಂಬುವದಿಲ್ಲ. ಯಾರಾದರೂ ಬಂದರೆ ಮೊರವನ್ನೇ ಎತ್ತಿ ಕಪಾಟಿನ ಮೇಲಿಟ್ಟರೆ ಆಯಿತು. ಆದರೆ ಅಕ್ಕಿಗೂ ಕಾಗದಕ್ಕೂ ಒಂದು ಭೇದವುಂಟು. ಅಜ್ಜಿಯು ದಾರದಿಂದ ಕಟ್ಟಿಟ್ಟ ಕಂತೆಯನ್ನು ಬಿಚ್ಚಿ ಇತರ ಕಾಗದಗಳೊಡನೆ ಬೆರಸಬಾರದು. ಯಾವ ಓಲೆಯ ಪಕ್ಕದಲ್ಲಿ ಯಾವ ರಸೀದಿಯನ್ನು ಇಟ್ಟರೆಂಬದೂ ಅವರು ನಮಗೆ ತಿಳಿಸುವ ಒಂದು ಸಂಗತಿಯೇ. ಪತ್ರಾಗಾರಗಳಲ್ಲಿ ಕೆಲಸ ಮಾಡುವವರು ಇದನ್ನು ಮೂಲಕ್ರಮವೆಂದು ಕರೆದು ಬಹಳ ಗೌರವದಿಂದ ಕಾಯುತ್ತಾರೆ.

ಓಲೆಗಳ ವಿಷಯದಲ್ಲಿ ದೊಡ್ಡ ತೊಡಕು ತಾರೀಖಿನದು. ‘ಕ್ಷೇಮ, ತಾ. 12’ ಎಂದಿಷ್ಟೇ ಬರೆದು ವರುಷವನ್ನು ಬಿಟ್ಟಿರುವರು. ಹಾಗಿರುವಾಗ ಲಕೋಟೆಯನ್ನು ಓಲೆಯಿಂದ ಎಂದಿಗೂ ಅಗಲಿಸಬಾರದು. ಅಂಚೆಯ ಮುದ್ರೆ ಅದರ ಮೇಲಿರುವದು. (ಅಂಚೆಚೀಟಿ ಸಂಗ್ರಹಿಸುವ ಬಾಲಕರು ಮನೆಯಲ್ಲಿದ್ದರೆ ಮುದ್ರೆಯನ್ನು ಓದುವ ತನಕ ಅವರನ್ನು ದೂರದಲ್ಲಿಡುವದು ಲೇಸು.) ಮುದ್ರೆಯು ಅಳಿಸಿದ್ದರೂ ಬೇರೆ ಗುರುತುಗಳುಂಟು. ಚೀಟಿಯಲ್ಲಿ ಆರನೆಯ ಜಾರ್ಜ್ ದೊರೆಯ ಮುಖವಿದ್ದರೆ ಓಲೆಯು ಸುಮಾರಾಗಿ 1937ರಿಂದ ಆ ದಶಕವೂ ಮುಂದಿನ ದಶಕವೂ ಮುಗಿಯುವದರೊಳಗಿನದು. 1949ರ ಆಗಸ್ಟಿನಲ್ಲಿ ನಮ್ಮ ಪ್ರಾಚೀನ ಶಿಲ್ಪಗಳ ಚಿತ್ರವುಳ್ಳ ಹೊಸ ಚೀಟಿಗಳು ಬಂದವು. ಮಡಿಚಿ ಅಂಟಿಸುವ ಇನ್‌ಲ್ಯಾಂಡ್ ಕಾಗದವು 1950ರ ಅಕ್ಟೋಬರಿನಲ್ಲಿ ಆರಂಭವಾಯಿತು. ವಿಳಾಸದಲ್ಲಿ ಆರು ಅಂಕೆಗಳ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಿಂದಿನದಾಗಲಾರದು. ‘ಮೈಸೂರು ರಾಜ್ಯ’ವೆಂದಿದ್ದರೆ 1973ರ ನವೆಂಬರ್ 1ಕ್ಕೆ ಮೊದಲಿನದಾಗಿರುವ ಸಂಭವವೇ ಹೆಚ್ಚು, ಖಂಡಿತವೆಂದು ಹೇಳೆನು, ಯಾಕೆಂದರೆ ಮುದುಕರು ಹಳೆಯ ಹೆಸರನ್ನು ಬೇಗನೆ ಬಿಡುವದಿಲ್ಲ. ಸಂವತ್ಸರದ ಹೆಸರನ್ನು ಬರೆದಿರುವ ಮನೆಗಳಲ್ಲಿ ಕೆಲಸವು ಇನ್ನೂ ಸುಲಭ. ಅರುವತ್ತು ವರುಷಕ್ಕೊಮ್ಮೆ ಹೆಸರು ತಿರುಗಿ ಬರುವದರಿಂದ ಪಾರ್ಥಿವವೆಂದಿದ್ದರೆ 1885, 1945, 2005 ಇವುಗಳಲ್ಲೊಂದರ ಯುಗಾದಿಯಿಂದ ಮುಂದಿನ ಯುಗಾದಿಯವರೆಗಿನದು. ಮೂರರಲ್ಲಿ ಯಾವದೆಂಬದನ್ನು ಕಾಗದದ ಬಣ್ಣವೇ ಹೇಳುವದು.

ಲೆಕ್ಕದ ಪುಸ್ತಕಗಳನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಯಾಕೆಂದರೆ ಇವುಗಳನ್ನೇ ಎಲ್ಲರೂ ಮೊದಲು ಎಸೆಯುತ್ತಾರೆ. ಚಿನ್ನದ ಅಕ್ಷರದ ಕರೆಯೋಲೆಯೊಂದು ಊಟದ ಹೊತ್ತನ್ನು ತಿಳಿಸೀತು. ಅಜ್ಜಿಯ ಪುಸ್ತಕವಾದರೋ ಆ ಊಟಕ್ಕೆ ಅಕ್ಕಿ ಎಲ್ಲಿಂದ ಬಂತು, ಸಾಲವೆಷ್ಟಾಯಿತು, ಅದನ್ನು ಎಷ್ಟು ತಿಂಗಳಲ್ಲಿ ತೀರಿಸಿದರು ಎಂಬದನ್ನೆಲ್ಲಾ ಹೇಳುವದು. ಇವುಗಳಿಗೂ ವರುಷ ಗೊತ್ತಿರುವದಿಲ್ಲ. ಆದರೆ ಶಾಲೆಯಲ್ಲಿ ಕಲಿತ ಕೂಡುವ ಲೆಕ್ಕವೇ ಇಲ್ಲಿ ಸಹಾಯಕ್ಕೆ ಬರುವದು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದ ಕಾಲವು 1957ರ ಏಪ್ರಿಲ್ 1ರಂದು ಮುಗಿದು, ರೂಪಾಯಿಗೆ 100 ನಯಾಪೈಸೆಗಳಾದವು. ‘ನಾಲ್ಕಾಣೆ’ ಎಂಬ ಮಾತನ್ನು ಕಂಡ ಮಾತ್ರಕ್ಕೆ ಪುಸ್ತಕವು ಆ ಕಾಲದ್ದೆಂದು ತೀರ್ಮಾನಿಸಬಾರದು. 25 ಪೈಸೆಯನ್ನು ನಾವೆಲ್ಲರೂ ನಾಲ್ಕಾಣೆಯೆಂದೇ ಕರೆದೆವು, ಆ ನಾಣ್ಯವು 2011ರಲ್ಲಿ ಚಲಾವಣೆಯಿಂದ ಹೋಗುವ ತನಕ. ಮೊತ್ತವನ್ನು ನೋಡಬೇಕು. 16ಕ್ಕೆ ಒಂದು ರೂಪಾಯಿ ದಶಕ ಹೋಗಿದ್ದರೆ ಹಳೆಯದು, 100ಕ್ಕೆ ಹೋಗಿದ್ದರೆ ಹೊಸದು. ಹಾಗೆಯೇ ಸೇರು, ಮಣಗಳು ಕಿಲೋಗ್ರಾಮಿಗೆ ಎಡೆಗೊಟ್ಟದ್ದು 1958ರಿಂದ ಮೊದಲ್ಗೊಂಡು ಹಂತಹಂತವಾಗಿ. ನನ್ನ ಅಜ್ಜಿಯ ಒಂದು ಪುಸ್ತಕದಲ್ಲಿ ಒಂದೇ ಪುಟದೊಳಗೆ ಎರಡು ಬಗೆಯ ಮೊತ್ತವೂ ಇದೆ. ಪಕ್ಕದಲ್ಲಿ ಆಣೆಯನ್ನು ಪೈಸೆಗೆ ತಿರುಗಿಸಿದ ಒಂದು ಸಣ್ಣ ಪಟ್ಟಿಯನ್ನು ಸೀಸದಕಡ್ಡಿಯಿಂದ ಬರೆದುಕೊಂಡಿದ್ದಾರೆ. ಅಜ್ಜಿಯು ಶಾಲೆಯಲ್ಲಿ ಓದಿದ್ದು ನಾಲ್ಕನೆಯ ತರಗತಿಯವರೆಗೆ.

ಕಾಗದಗಳನ್ನು ಕಾಪಾಡುವ ವಿಷಯದಲ್ಲಿ ಮಾಡಬೇಕಾದದ್ದಕ್ಕಿಂತ ಮಾಡಬಾರದ್ದೇ ಹೆಚ್ಚು. ತುಕ್ಕು ಹಿಡಿದ ಗುಂಡುಸೂಜಿಗಳನ್ನು ಮೆಲ್ಲಗೆ ತೆಗೆಯಬೇಕು. ರಬ್ಬರ್ ಬ್ಯಾಂಡು ಕರಗಿ ಅಂಟಿಕೊಳ್ಳುವದರಿಂದ ಹತ್ತಿಯ ದಾರವೇ ಉತ್ತಮ. ಹರಿದ ಕಡೆ ಅಂಟುಪಟ್ಟಿಯನ್ನು ಹಚ್ಚಿದರೆ ಕೆಲವು ವರುಷಗಳಲ್ಲಿ ಅದು ಹಳದಿಯಾಗಿ ಅಕ್ಷರವನ್ನೂ ಕೆಡಿಸುವದು. ವೃತ್ತಪತ್ರಿಕೆಯ ತುಣುಕುಗಳನ್ನು ಬೇರೆಯಾಗಿಡಬೇಕು, ಮರದ ತಿರುಳಿನ ಆ ಕಾಗದದಲ್ಲಿರುವ ಆಮ್ಲವು ಪಕ್ಕದ ಓಲೆಗೂ ಕಲೆ ಹತ್ತಿಸುವದು. ಇನ್ನು ಲ್ಯಾಮಿನೇಷನ್ ಅಂಗಡಿಗೆ ಒಯ್ಯುವ ಪದ್ಧತಿಯನ್ನು ನಾನು ಒಪ್ಪಲಾರೆ. ಕಾಯಿಸಿ ಒತ್ತಿದ ಆ ಹಾಳೆಯನ್ನು ಮತ್ತೆ ಬಿಡಿಸಲಾಗದು.

ಛಾಯಾಚಿತ್ರಗಳೇ ಎಲ್ಲಕ್ಕಿಂತ ಅವಸರದವು. ಓಲೆಯು ನೂರು ವರುಷದ ನಂತರವೂ ತಾನೇ ಮಾತಾಡೀತು, ಹೆಸರಿಲ್ಲದ ಚಿತ್ರವು ಮಾತಾಡದು. ಆದಕಾರಣ ಶನಿವಾರದ ಮಧ್ಯಾಹ್ನ ಚಿಕ್ಕಜ್ಜಿಯ ಬಳಿ ಐದೇ ಚಿತ್ರಗಳನ್ನು ಒಯ್ಯುತ್ತೇನೆ. ಆರನೆಯದಕ್ಕೆ ಅವರಿಗೆ ಆಯಾಸವಾಗುವದು, ಆಗ ಎಲ್ಲರೂ ‘ಯಾರೋ ಸೋದರಮಾವನ ಕಡೆಯವರು’ ಆಗಿಬಿಡುತ್ತಾರೆ. ಅವರು ಹೇಳಿದ್ದನ್ನು ಚಿತ್ರದ ಬೆನ್ನಿಗೆ, ಅಂಚಿನಲ್ಲಿ, ಮೃದುವಾದ ಸೀಸದಕಡ್ಡಿಯಿಂದ ಒತ್ತದೆ ಬರೆಯಬೇಕು. ಬಾಲ್‌ಪೆನ್ನು ಬೇಡ, ಅದರ ಗೆರೆಯು ಮುಂಬದಿಗೆ ಏಳುವದು. ಬೆನ್ನು ನುಣುಪಾಗಿದ್ದು ಸೀಸ ಹತ್ತದಿದ್ದರೆ, ಕಾಗದದ ಲಕೋಟೆಯ ಮೇಲೆ ಮೊದಲು ಬರೆದು ಆಮೇಲೆ ಚಿತ್ರವನ್ನು ಒಳಗಿಡಬೇಕು. ಗುಂಪಿನ ಚಿತ್ರವಾದರೆ ಮೊಬೈಲ್ ಫೋನಿನಿಂದ ಪ್ರತಿ ತೆಗೆದು ಅಚ್ಚು ಹಾಕಿಸಿ, ಆ ಪ್ರತಿಯ ಮೇಲೆ ಮುಖಗಳಿಗೆ ಅಂಕೆ ಕೊಟ್ಟರೆ ಮೂಲಕ್ಕೆ ಕೇಡಿಲ್ಲ. ಈವರೆಗೆ 43 ಚಿತ್ರಗಳಲ್ಲಿ 31ಕ್ಕೆ ಹೆಸರು ದೊರೆತಿದೆ. ಎರಡು ಜಡೆಯ ಒಬ್ಬ ಹುಡುಗಿ ಮೂರು ಚಿತ್ರಗಳಲ್ಲಿ ಅಜ್ಜಿಯ ಪಕ್ಕದಲ್ಲಿಯೇ ನಿಂತಿದ್ದಾಳೆ; ಅವಳು ಚೆನ್ನಾಗಿ ಹಾಡುತ್ತಿದ್ದಳೆಂದು ಚಿಕ್ಕಜ್ಜಿಗೆ ನೆನಪಿದೆ, ಹೆಸರು ನೆನಪಿಲ್ಲ.

ಹೆಣ್ಣುಮಕ್ಕಳ ಹೆಸರನ್ನು ಬರೆಯುವಾಗ ಮದುವೆಗೆ ಮುಂಚಿನ ಹೆಸರನ್ನೂ ತಪ್ಪದೆ ಸೇರಿಸಬೇಕು. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನ ಮೊದಲಕ್ಷರದೊಡನೆ ಇರುವವಳು, ಮುಂದೆ ಗಂಡನ ಹೆಸರಿನೊಡನೆ ಬೇರೆಯವಳೇ ಆಗಿ ಕಾಣುವಳು; ಎರಡೂ ಇಲ್ಲದೆ ಇಬ್ಬರೂ ಒಬ್ಬಳೇ ಎಂದು ಯಾರೂ ಅರಿಯರು. ಹಳೆಯ ವಿದ್ಯಾರ್ಥಿನಿಯರು ತಮ್ಮ ತರಗತಿಯ ಚಿತ್ರವನ್ನು ಶಾಲೆಗೆ ಕೊಡಲಿಚ್ಛಿಸಿದರೆ ಮೂಲವನ್ನು ಮನೆಯಲ್ಲಿಯೇ ಇಟ್ಟುಕೊಂಡು ಪ್ರತಿಯನ್ನು ಮಾತ್ರ ತರಲಿ. ಹಿಂಬದಿಯಲ್ಲಿ ಬರಹವೇನಾದರೂ ಇದ್ದರೆ ಅದರ ಪ್ರತಿಯನ್ನೂ ಜತೆಗಿಡಲಿ. ಎಷ್ಟೋ ವೇಳೆ ಮುಂಬದಿಗಿಂತ ನಮಗೆ ಅದೇ ಬೇಕಾಗಿರುವದು.