ಮಜ್ಜಿಗೆಗೆ ಬಿದ್ದ ಬಾಳೆದಿಂಡು

ಹೆಚ್ಚಿದ ಬಾಳೆದಿಂಡನ್ನು ಕೂಡಲೇ ಮಜ್ಜಿಗೆ ನೀರಿಗೆ ಹಾಕುವ ರೂಢಿ ನಮ್ಮ ಎಷ್ಟೋ ಅಡುಗೆಮನೆಗಳಲ್ಲಿದೆ. ಹಾಗೇ ಬಿಟ್ಟರೆ ಬಿಳಿ ಹೋಳು ಸ್ವಲ್ಪ ಹೊತ್ತಿನಲ್ಲೇ ಕಂದು ತಿರುಗುತ್ತದೆ. ಹುಳಿಯು ಕಿಣ್ವವನ್ನು ಕೊಲ್ಲುತ್ತದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ. ಕಿಣ್ವಕ್ಕೆ ಜೀವವಿಲ್ಲ, ಅದೊಂದು ಪ್ರೊಟೀನ್ ಎಂಬ ತಕರಾರನ್ನು ಬದಿಗಿಟ್ಟರೂ ಆ ಮಾತು ಪೂರ್ತಿ ಸರಿಯಲ್ಲ. ಕೊಲ್ಲುವ ಕೆಲಸ ಬಿಸಿಯದು. ಮಜ್ಜಿಗೆಯಷ್ಟು ಹುಳಿ ಕಿಣ್ವದ ಕೈ ಕಟ್ಟುತ್ತದೆ, ಅಷ್ಟೆ.

ಈ ಕಿಣ್ವದ ಹೆಸರು ಪಾಲಿಫೀನಾಲ್ ಆಕ್ಸಿಡೇಸ್. ಅದು ಕೆಲಸ ಮಾಡುವ ಜಾಗದಲ್ಲಿ ತಾಮ್ರದ ಎರಡು ಪರಮಾಣುಗಳಿವೆ. ಜೀವಕೋಶದೊಳಗೆ ಕಿಣ್ವ ಒಂದು ಕೋಣೆಯಲ್ಲಿ, ಅದು ಹಿಡಿಯಬೇಕಾದ ಫೀನಾಲ್‌ಗಳು ಇನ್ನೊಂದರಲ್ಲಿ ಇರುತ್ತವೆ. ಚಾಕು ಆ ಗೋಡೆ ಒಡೆದಾಗ ಎರಡೂ ಬೆರೆಯುತ್ತವೆ. ಗಾಳಿಯ ಆಮ್ಲಜನಕ ಸೇರಿ ಫೀನಾಲ್‌ಗಳು ಕ್ವಿನೋನ್‌ಗಳಾಗುತ್ತವೆ, ಅವು ಒಂದಕ್ಕೊಂದು ಬೆಸೆದು ಕಂದು ಬಣ್ಣವಾಗುತ್ತವೆ. ಬದನೆಕಾಯಿ ಕಪ್ಪಾಗುವುದೂ ಹೀಗೆಯೇ. ಸಾಮಾನ್ಯವಾಗಿ ಪಿಎಚ್ 5ರಿಂದ 7ರ ನಡುವೆ ಈ ಕಿಣ್ವ ಚುರುಕು. ಆಮ್ಲ ಹೆಚ್ಚಿದಂತೆ ಪ್ರೊಟೀನಿನ ಮೇಲಿನ ವಿದ್ಯುದಂಶಗಳು ಬದಲಾಗಿ ಫೀನಾಲ್ ಸರಿಯಾಗಿ ಹೊಂದಿಕೊಳ್ಳುವುದಿಲ್ಲ. ಪಿಎಚ್ 3ಕ್ಕಿಂತ ಕೆಳಗೆ ಕೆಲಸ ಬಹುಪಾಲು ನಿಲ್ಲುತ್ತದೆ. ನಿಂಬೆರಸ ಅಲ್ಲಿಗೆ ಮುಟ್ಟುತ್ತದೆ, ಸುಮಾರು 4.5ರ ಮಜ್ಜಿಗೆ, ಅದರಲ್ಲೂ ನೀರು ಬೆರೆಸಿದ್ದು, ಮುಟ್ಟುವುದಿಲ್ಲ.

ಹಾಗಾದರೆ ಬರೀ ನೀರಿನಲ್ಲಿಟ್ಟ ಬದನೆಯೂ ಬೆಳ್ಳಗೆ ಉಳಿಯುತ್ತದಲ್ಲ, ಹುಳಿಯ ಪಾತ್ರವೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. 25 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ, ಆದ್ದರಿಂದ ಮುಳುಗಿಸುವುದೇ ಅರ್ಧ ರಕ್ಷಣೆ. ಮಜ್ಜಿಗೆ ಅದರ ಮೇಲೆ ಕಿಣ್ವದ ವೇಗವನ್ನೂ ತಗ್ಗಿಸುತ್ತದೆ, ಅದರ ಹಾಲಿನ ಪ್ರೊಟೀನು ಒಂದಿಷ್ಟು ಫೀನಾಲ್‌ಗಳನ್ನು ಹಿಡಿದಿಡುತ್ತದೆ. ಆದರೆ ಹೋಳನ್ನು ತೆಗೆದು ತೊಳೆದು ಗಾಳಿಗಿಟ್ಟರೆ ಅದು ಮತ್ತೆ ಕಂದಾಗತೊಡಗುತ್ತದೆ. ಕಿಣ್ವ ನಿಜಕ್ಕೂ ನಾಶವಾಗಿದ್ದರೆ ಹೀಗಾಗಬಾರದಿತ್ತು.

ಬಿಸಿಯ ವರ್ತನೆಯೇ ಬೇರೆ. ಮೊದಮೊದಲು ಅದು ಕಿಣ್ವಕ್ಕೆ ನೆರವಾಗುತ್ತದೆ: ಉಷ್ಣತೆ 10 ಡಿಗ್ರಿ ಏರಿದರೆ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಇನ್ನೂ ಏರಿದಾಗ ಪ್ರೊಟೀನಿನ ಮಡಿಕೆಗಳೇ ಬಿಚ್ಚಿಕೊಳ್ಳುತ್ತವೆ. 80 ಡಿಗ್ರಿ ದಾಟಿ ಕೆಲವು ನಿಮಿಷ ಕಳೆದರೆ ಕಿಣ್ವ ಬಹುತೇಕ ಕೆಡುತ್ತದೆ, ತಣಿದರೂ ಮೊದಲಿನಂತಾಗದು. ಅದಕ್ಕೇ ಹೋಳುಗಳನ್ನು ತಣ್ಣೀರಿಗೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸುವುದಕ್ಕಿಂತ ಕುದಿಯುವ ನೀರಿಗೇ ಹಾಕುವುದು ಮೇಲು. ನಿಧಾನವಾಗಿ ಕಾಯುವಾಗ ಕಿಣ್ವಕ್ಕೆ ಹಿತವಾದ ಬಿಸಿಯಲ್ಲೇ ಬಹಳ ಹೊತ್ತು ಕಳೆಯುತ್ತದೆ.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ: ತಂಪು ವೇಗ ತಗ್ಗಿಸುವುದಾದರೆ ಫ್ರಿಜ್ಜಿನಲ್ಲಿಟ್ಟ ಬಾಳೆಹಣ್ಣಿನ ಸಿಪ್ಪೆ ಕಪ್ಪಾಗುವುದೇಕೆ? ಬಾಳೆ ಉಷ್ಣವಲಯದ ಬೆಳೆ. ಸುಮಾರು 13 ಡಿಗ್ರಿಗಿಂತ ಕೆಳಗೆ ಅದರ ಜೀವಕೋಶಗಳ ಪೊರೆಗಳು ಹಾಳಾಗುತ್ತವೆ, ಚಾಕು ಮಾಡುವ ಕೆಲಸವನ್ನು ಚಳಿಯೇ ಮಾಡುತ್ತದೆ. ಆಗ ಕಿಣ್ವ ನಿಧಾನವಾಗಿದ್ದರೂ ಸಿಪ್ಪೆಯ ತುಂಬ ಇರುವ ಡೋಪಮಿನ್ ಎಂಬ ಫೀನಾಲ್ ಅದರ ಕೈಗೆ ಸಿಕ್ಕಿರುತ್ತದೆ. ಒಳಗಿನ ತಿರುಳು ಮಾತ್ರ ಆಗಲೂ ಸಾಮಾನ್ಯವಾಗಿ ತಿನ್ನುವಂತೆಯೇ ಇರುತ್ತದೆ.